ಕಾರು ತಗ್ಗಿತು, ಈಗ ಶಾಕ್ ಯಾವುದು?

ಪ್ರಶ್ನೆ: ಸರ್, ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು 30 ಮಿ.ಮೀ. ತಗ್ಗಿಸಿದ್ದಾರೆ. ಶಾಕ್ (ಶಾಕ್ ಅಬ್ಸಾರ್ಬರ್) ಮಾತ್ರ ಕಂಪನಿಯವೇ ಇವೆ. ಈಗ ಹಿಂದಿನ ಎರಡೂ ಶಾಕ್ ಎಣ್ಣೆ ಸೋರುತ್ತಿವೆ, ಸಣ್ಣ ಗುಂಡಿಗೂ ಢಬ್ ಅಂತ ಬಡಿಯುತ್ತದೆ. ಮೆಕ್ಯಾನಿಕ್ ‘ಇರೋದರಲ್ಲೇ ಗಟ್ಟಿಯಾದದ್ದು ಹಾಕಿಸಿ’ ಅಂತಾರೆ, ಗೆಳೆಯ ‘ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿಬಿಡು’ ಅಂತಾನೆ. ಯಾವ ಬ್ರ್ಯಾಂಡ್ ತಗೊಳ್ಳಲಿ?

ಉತ್ತರ: ಬ್ರ್ಯಾಂಡ್ ಆಮೇಲೆ ನೋಡೋಣ. ಮೊದಲು ಆ ಢಬ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯಬೇಕು.

ಕಾರು ತಗ್ಗಿದರೆ ಶಾಕ್‌ನ ರಾಡ್ ನಿಂತಲ್ಲೇ ಒಳಗೆ ಇಳಿದು ಕೂತಿರುತ್ತದೆ. ಗುಂಡಿ ಬಂದಾಗ ಇನ್ನೂ ಒಳಗೆ ಹೋಗಲು ಉಳಿದ ಜಾಗ ಕಡಿಮೆ. ಆ ಜಾಗ ಮುಗಿದ ಕೂಡಲೇ ರಾಡ್ ಮೇಲಿರುವ ಬಂಪ್ ಸ್ಟಾಪ್, ಅಂದರೆ ಆ ಫೋಮ್ ಅಥವಾ ರಬ್ಬರ್ ತುಂಡು, ಶಾಕ್‌ಗೆ ಬಡಿಯುತ್ತದೆ, ಅಲ್ಲಿಂದ ಮುಂದೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ನೇರ ರಸ್ತೆಯಲ್ಲಿ ಇದು ಬರೀ ಸದ್ದು. ತಿರುವಿನ ಮಧ್ಯೆ ಹಿಂದಿನ ಚಕ್ರಕ್ಕೆ ಹೀಗಾದರೆ ಹಿಡಿತ ತಟ್ಟನೆ ಹೋಗಬಹುದು, ಹಿಂದಿನ ಚಕ್ರವೇ ಕಾರನ್ನು ತಳ್ಳುವ ನಿಮ್ಮಂಥ ಗಾಡಿಯಲ್ಲಿ ಅದು ತಮಾಷೆಯಲ್ಲ.

ನೋಡೋದು ಸುಲಭ. ಕಾರು ನೆಲದ ಮೇಲೆ ನಿಂತಿರಲಿ. ಧೂಳು ತಡೆಯುವ ಕವರ್ ಮೇಲೆ ಸರಿಸಿ, ರಾಡ್‌ಗೆ ಒಂದು ತೆಳು ಪ್ಲಾಸ್ಟಿಕ್ ಟೈ ಬಿಗಿಯಾಗಿ ಕಟ್ಟಿ, ಶಾಕ್‌ನ ಮೈಗೆ ತಾಗುವ ತನಕ ಕೆಳಗೆ ಸರಿಸಿ. ಆಮೇಲೆ ದಿನಾ ಓಡಿಸುವ ರಸ್ತೆಯಲ್ಲೇ ಓಡಿಸಿ ಬನ್ನಿ. ಟೈ ಬಂಪ್ ಸ್ಟಾಪ್‌ಗೆ ಹೋಗಿ ಅಂಟಿಕೊಂಡಿದ್ದರೆ ನಿಮಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ಸೋರಿದ ಶಾಕ್‌ನಲ್ಲಿ ಟೈ ಸ್ವಲ್ಪ ಜಾಸ್ತಿಯೇ ಮೇಲೆ ಹೋಗುತ್ತದೆ, ಅದನ್ನು ಕಳೆದು ನೋಡಿ. ಸೋರದ ಮುಂದಿನ ಶಾಕ್‌ಗೂ ಒಂದು ಕಟ್ಟಿ, ಅದು ಹೇಳೋದೇ ಹೆಚ್ಚು ನಂಬಿಕೆಯದ್ದು.

ಇನ್ನು ‘ಗಟ್ಟಿಯಾದದ್ದು’ ಅನ್ನೋ ಮಾತು. ಕಾರನ್ನು ಎತ್ತಿ ಹಿಡಿಯೋದು ಸ್ಪ್ರಿಂಗ್, ಶಾಕ್ ಅಲ್ಲ. ಶಾಕ್ ಮಾಡೋದು ಕುಣಿತ ನಿಲ್ಲಿಸೋ ಕೆಲಸ. ಗಿಡ್ಡ ಸ್ಪ್ರಿಂಗ್ ಸಾಮಾನ್ಯವಾಗಿ ಬಿಗಿಯೂ ಆಗಿರುತ್ತದೆ, ಹಾಗಾಗಿ ಡ್ಯಾಂಪಿಂಗ್, ಅಂದರೆ ಆ ಕುಣಿತ ತಡೆಯುವ ಬಲ, ಹೆಚ್ಚು ಬೇಕು ನಿಜ, ಆದರೆ ಎಷ್ಟು? ಲೆಕ್ಕ ವರ್ಗಮೂಲದಲ್ಲಿ ಹೋಗುತ್ತದೆ: ಸ್ಪ್ರಿಂಗ್ 30% ಬಿಗಿಯಾದರೆ ಡ್ಯಾಂಪಿಂಗ್ ಸುಮಾರು 14% ಏರಿದರೆ ಸಾಕು. ಅದೂ ಮುಖ್ಯವಾಗಿ ರೀಬೌಂಡ್‌ನಲ್ಲಿ, ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವಾಗ. ಅದನ್ನೂ ಅತಿ ಮಾಡಿದಿರೋ, ಸಾಲು ಉಬ್ಬುಗಳ ಮೇಲೆ ಚಕ್ರ ಕೆಳಗೆ ಇಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ, ಕಾರು ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತಾ ಹೋಗಿ ಕೊನೆಗೆ ಅದೇ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಅದೇ ಢಬ್, ಈ ಸಲ ದುಡ್ಡು ಕೊಟ್ಟು ತಂದದ್ದು.

ನಿಮಗೆ ಬೇಕಿರೋದು ಮೈಯೇ ಗಿಡ್ಡ ಇರುವ, ತಗ್ಗಿದ ಕಾರಿಗೆಂದೇ ಮಾಡಿದ ಶಾಕ್. ಉದಾಹರಣೆಗೆ ಬಿಲ್‌ಸ್ಟೈನ್‌ನಲ್ಲಿ ಬಿ6 ಮೂಲ ಎತ್ತರದ ಕಾರಿಗೆ, ಬಿ8 ಅದರದ್ದೇ ಗಿಡ್ಡ ರೂಪ. ಬಿ8 ಅಂದರೆ ಇನ್ನೂ ಬಿಗಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಮುಖ್ಯ ವ್ಯತ್ಯಾಸ ಉದ್ದದ್ದು. ರೀಬೌಂಡ್ ನೀವೇ ತಿರುಗಿಸಿ ಹೊಂದಿಸಿಕೊಳ್ಳಬೇಕಾದರೆ ಕೋನಿಯ ಹಳದಿ ಶಾಕ್ ಇದೆ. ಮೆತ್ತಗಿನ ತುದಿಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಯಾವುದೇ ಆಗಲಿ, ಎಷ್ಟು ತಗ್ಗಿಸಿದ ಕಾರಿಗೆ ಅಂತ ತಯಾರಕರ ಪಟ್ಟಿಯಲ್ಲಿ ನೋಡದೆ ತರಬೇಡಿ.

ಒಂದು ಮಾತು: ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್‌ನಲ್ಲಿ ಗ್ಯಾಸ್ ಒತ್ತಡ 20-30 ಬಾರ್ ತನಕ ಇರುತ್ತದೆ, ಅದು ರಾಡನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಕಾರು ಕೆಲವು ಮಿ.ಮೀ. ಎತ್ತರವಾದರೆ ಗಾಬರಿ ಬೇಡ.

ಕಾಯಿಲ್‌ಓವರ್ ಬೇಡ ಅಂತಲ್ಲ. ಆದರೆ ಎತ್ತರ ಹೇಗೆ ಬದಲಾಗುತ್ತದೆ ಅಂತ ಕೇಳಿ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಮಾತ್ರ ಇಳಿಸುವ ಬಗೆಯಲ್ಲಿ ಮತ್ತೆ ಜಾಗವೇ ಹೋಗುತ್ತದೆ. ಇಡೀ ಮೈ ಕೆಳಗಿನ ಬ್ರ್ಯಾಕೆಟ್‌ನೊಳಗೆ ತಿರುಗಿ ಇಳಿಯುವ ಬಗೆಯಲ್ಲಿ ಜಾಗ ಉಳಿಯುತ್ತದೆ. ಹಾಗೇ, ನಿಮ್ಮ ಕಾರಿಗೆ ಎರಡನೇ ತಲೆಮಾರಿನ ಎಂಎಕ್ಸ್-5ರ ಮೇಲಿನ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಹಾಕಿಕೊಳ್ಳುವವರು ಬಹಳ, ಅದರಲ್ಲೂ ಒಂದಿಷ್ಟು ಜಾಗ ಸಿಗುತ್ತದೆ.

ಜೋಡಿಸುವಾಗ ನಾನು ಮಾಡಿದ ತಪ್ಪು ಮಾಡಬೇಡಿ. ಕಾರು ಜ್ಯಾಕ್ ಮೇಲೆ, ಚಕ್ರ ನೇತಾಡುತ್ತಿರುವಾಗಲೇ ಚಕ್ರವನ್ನು ಹಿಡಿದಿರುವ ಸಸ್ಪೆನ್ಶನ್ ತೋಳುಗಳ ಬೋಲ್ಟ್ ಪೂರ್ತಿ ಬಿಗಿದುಬಿಟ್ಟೆ. ಇಳಿಸಿದ ಮೇಲೆ ಆ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿದವು. ಕಾರಿನ ಭಾರ ಚಕ್ರದ ಮೇಲೆ ಬಂದ ನಂತರವೇ ಕೊನೆಯ ಬಿಗಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಬಂಪ್ ಸ್ಟಾಪ್ ಕಿತ್ತು ಹಾಕಿದರೆ ಆ ಜಾಗವೂ ಸಿಗುತ್ತದೆ, ಅಲ್ವಾ?

ಉತ್ತರ: ಸಿಗುತ್ತದೆ, ಶಾಕ್ ಸಾಯುತ್ತದೆ. ಒಳಗಿನ ಪಿಸ್ಟನ್ ತಳಕ್ಕೆ ಲೋಹಕ್ಕೆ ಲೋಹ ಬಡಿಯುತ್ತದೆ, ಇಲ್ಲವೇ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಇಂತಿಷ್ಟು ಕತ್ತರಿಸಿ ಅಂತ ಸ್ಪ್ರಿಂಗ್ ತಯಾರಕರೇ ಬರೆದಿದ್ದರೆ ಅಷ್ಟೇ ಕತ್ತರಿಸಿ.

ಪ್ರಶ್ನೆ: ನನ್ನ ಕಾರಿನಲ್ಲಿ ಎಡಗಡೆ ಶಾಕ್ ಒಂದೇ ಒದ್ದೆಯಾಗಿದೆ. ಒಂದೇ ಬದಲಿಸಬಹುದಾ?

ಉತ್ತರ: ಸೀಲ್ ಹತ್ತಿರ ತೆಳುವಾಗಿ ಪಸೆ ಇದ್ದರೆ ಸುಮ್ನೆ ಒರೆಸಿ, ಕೆಲವು ದಿನ ಬಿಟ್ಟು ನೋಡಿ. ಎಣ್ಣೆ ಹರಿದು ಕೆಳಗಿನ ತನಕ ಬಂದಿದ್ದರೆ ಬದಲಿಸಲೇಬೇಕು, ಎಡ ಬಲ ಎರಡನ್ನೂ. ಹೊಸದೊಂದು ಹಳೆಯದೊಂದು ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.