ಕೋರ್ಸ್ ಮುಗಿಯಿತು, ಕೆಲಸ ಬದಲಾಗಲಿಲ್ಲ

ಪ್ರಶ್ನೆ: ಎಂಟು ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಈಚೆಗೆ ಐದು ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಪಡೆದೆ. ಆದರೂ ನನ್ನ ಮೇಜಿಗೆ ಬರುವುದು ಅದೇ ಹಳೆಯ ಕೆಲಸ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಕೋರ್ಸ್ ಆರಿಸಿಕೊಂಡು, ಆಮೇಲೆ ಅದಕ್ಕೆ ಕೆಲಸ ಹುಡುಕುತ್ತಿದ್ದೀರಿ. ಇದನ್ನು ತಿರುಗಿಸಿ. ನಿಮಗೆ ಬೇಕಾದ ಹುದ್ದೆಯ ಹತ್ತು ಹದಿನೈದು ಜಾಹೀರಾತು ಒಟ್ಟುಮಾಡಿ, ಅವುಗಳಲ್ಲಿ ಕೇಳಿರುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವುದು ಎಷ್ಟು ಸಲ ಬಂದಿದೆ ಎಂದು ಗೆರೆ ಹಾಕುತ್ತ ಹೋಗಿ. ‘ಉತ್ತಮ ಸಂವಹನ’ ಎಂದು ಬರೆದರೆ ಏನು ಅಭ್ಯಾಸ ಮಾಡಬೇಕೆಂದು ತಿಳಿಯುವುದಿಲ್ಲ. ‘ತಿಂಗಳ ಖರ್ಚು ಬಜೆಟ್ ಮೀರಿದ್ದೇಕೆಂದು ಒಂದು ಪುಟದಲ್ಲಿ ವಿವರಿಸುವುದು’ ಎಂದು ಬರೆದರೆ ನಾಳೆಯೇ ಶುರುಮಾಡಬಹುದು.

ಪ್ರತಿ ಕೆಲಸದ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಒಬ್ಬನೇ ಮಾಡಬಲ್ಲೆ, ಯಾರಾದರೂ ಜೊತೆಗಿದ್ದರೆ ಮಾಡಬಲ್ಲೆ, ಮಾಡಿಯೇ ಇಲ್ಲ. ಅದೇ ಹಾಳೆಯ ಖಾಲಿ ಪ್ರತಿಯನ್ನು ನಿಮ್ಮ ಕೆಲಸ ಬಲ್ಲ ಒಬ್ಬರಿಗೆ ಕೊಟ್ಟು ಅವರಿಂದಲೂ ಗುರುತು ಹಾಕಿಸಿ. ಇಬ್ಬರ ಗುರುತು ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಕೂತು ಮಾತಾಡಬೇಕು. ನನ್ನ ಸಲಹೆ, ‘ಜೊತೆಗಿದ್ದರೆ ಮಾಡಬಲ್ಲೆ’ ಎಂಬುದರಿಂದ ಒಂದನ್ನೇ ಆರಿಸಿಕೊಳ್ಳಿ. ಅಲ್ಲಿ ಬುನಾದಿ ಆಗಲೇ ಇರುತ್ತದೆ, ಹಾಗಾಗಿ ಬೇಗ ಮುಂದೆ ಹೋಗುತ್ತೀರಿ.

ಆಮೇಲೆ ಮೇಲಧಿಕಾರಿಯ ಹತ್ತಿರ ಕೆಲಸವನ್ನೇ ಕೇಳಿ: ‘ಮುಂದಿನ ತಿಂಗಳ ವರದಿಯ ಕರಡು ನಾನು ಬರೆಯುತ್ತೇನೆ, ನೀವು ತಿದ್ದಿಕೊಡಿ.’ ದಿನಾಂಕ ಗೊತ್ತಾದ ಮೇಲೆ ಕೋರ್ಸಿನಲ್ಲಿ ಅದಕ್ಕೆ ಬೇಕಾದ ಪಾಠವನ್ನಷ್ಟೇ ಕಲಿಯಿರಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ಪ್ರಕಟಿಸಿದಂತೆ, ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ. ಬಳಸದೆ ಬಿಟ್ಟ ಐದು ಕೋರ್ಸ್‌ಗಳಿಂದ ಈಗ ಎಷ್ಟು ಉಳಿದಿದೆಯೋ ನೀವೇ ನೋಡಿಕೊಳ್ಳಿ.

ಪ್ರಶ್ನೆ: ವಾರಕ್ಕೆ ಐದು ಗಂಟೆ ಓದುವ ಯೋಜನೆ ಮೂರನೇ ವಾರಕ್ಕೇ ನಿಂತುಹೋಗುತ್ತದೆ. ಏನು ಮಾಡಲಿ?

ಉತ್ತರ: ಬಿಡುವಿನ ವಾರ ನೋಡಿ ಐದು ಗಂಟೆ ಎಂದು ಬರೆದಿರುತ್ತೀರಿ. ಕಳೆದ ನಾಲ್ಕು ವಾರಗಳ ಕ್ಯಾಲೆಂಡರ್ ತೆಗೆದು, ತೀರಾ ಗಡಿಬಿಡಿಯಾಗಿದ್ದ ವಾರದಲ್ಲೂ ಎಷ್ಟು ಹೊತ್ತು ಸಿಗುತ್ತಿತ್ತು ಎಂದು ಲೆಕ್ಕ ಹಾಕಿ. 45 ನಿಮಿಷದ ಎರಡು ಅವಧಿ ಸಿಕ್ಕರೂ ಸಾಕು. ಅವನ್ನು ಈಗಾಗಲೇ ನಡೆಯುವ ಒಂದು ಘಟನೆಗೆ ಕಟ್ಟಿ: ‘ಮಂಗಳವಾರದ ಮೀಟಿಂಗ್ ಮುಗಿದ ಕೂಡಲೇ ಕೂರುತ್ತೇನೆ.’ ತಪ್ಪಿದ ಅವಧಿಯನ್ನು ಮುಂದಿನ ವಾರಕ್ಕೆ ಸೇರಿಸಬೇಡಿ. ಬಾಕಿ ಬೆಳೆದಷ್ಟೂ ಯೋಜನೆಯ ಪುಟ ತೆರೆಯಲು ಮನಸ್ಸು ಬರುವುದಿಲ್ಲ.

ಇನ್ನೊಂದು ಮುಖ್ಯ ಮಾತು: ಪ್ರತಿ ಅವಧಿಯ ಕೊನೆಯ 15 ನಿಮಿಷ ಪುಸ್ತಕ, ವಿಡಿಯೊ ಎಲ್ಲ ಮುಚ್ಚಿ, ನೆನಪಿನಿಂದ ಬರೆಯಿರಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ನೆನಪಿನಿಂದ ಬರೆದಿದ್ದವರು ಮುಂದೆ ಬಂದಿದ್ದರು. ಮತ್ತೆ ಓದುವಾಗ ‘ಗೊತ್ತಿದೆ’ ಎನಿಸುತ್ತದಲ್ಲ, ಆ ಅನಿಸಿಕೆಯನ್ನು ನಂಬಬೇಡಿ.

ಪ್ರಶ್ನೆ: ಕೆಲಸ ತೋರಿಸಿದರೆ ಎಲ್ಲರೂ ‘ಚೆನ್ನಾಗಿದೆ’ ಎಂದಷ್ಟೇ ಹೇಳುತ್ತಾರೆ.

ಉತ್ತರ: ಮುಗಿದ ಕೆಲಸ ತೋರಿಸಿದರೆ ಹಾಗೇ ಹೇಳುತ್ತಾರೆ. ಅರ್ಧದಲ್ಲಿರುವಾಗ ತೋರಿಸಿ, ‘ಇದರಲ್ಲಿ ಒಂದೇ ಒಂದನ್ನು ಬದಲಿಸಬೇಕಾದರೆ ಯಾವುದು?’ ಎಂದು ಕೇಳಿ. ಬಂದ ತಿದ್ದುಪಡಿಯನ್ನು ದಿನಾಂಕದೊಂದಿಗೆ ಒಂದೇ ಕಡತದಲ್ಲಿ ಬರೆದಿಡಿ. ಸಂಸ್ಥೆಯ ಗೋಪ್ಯ ಅಂಕಿಅಂಶ ಅದರಲ್ಲಿ ಬೇಡ. ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ಅದೇ ತಿದ್ದುಪಡಿ ಮತ್ತೆಮತ್ತೆ ಬಂದಿದ್ದರೆ ಇನ್ನಷ್ಟು ಓದಿ ಪ್ರಯೋಜನವಿಲ್ಲ. ಆ ಕೆಲಸ ಚೆನ್ನಾಗಿ ಮಾಡುವವರ ಪಕ್ಕದಲ್ಲಿ ಕೂತು, ಅವರು ಮಾಡುವುದನ್ನು ಶುರುವಿನಿಂದ ಕೊನೆಯವರೆಗೆ ನೋಡಿ.