ತಪ್ಪಾಯ್ತು ಅನ್ನಬೇಕಾದವರು ಯಾರು?

ಪತ್ರ: ನಮ್ಮ ಸಭೆಯ ಖಜಾಂಚಿಯಾಗಿದ್ದೆ. ಚರ್ಚಿನ ಮಾಡು ರಿಪೇರಿಯ ಹಣ ನಾನು ನುಂಗಿದೆ ಅಂತ ಮೂವರು ಸುದ್ದಿ ಹಬ್ಬಿಸಿದರು. ಆಡಿಟ್‌ನಲ್ಲಿ ಒಂದು ರೂಪಾಯಿಯೂ ವ್ಯತ್ಯಾಸ ಬರಲಿಲ್ಲ. ಆದರೂ ಯಾರೂ ತಪ್ಪಾಯ್ತು ಅನ್ನಲಿಲ್ಲ. ನಮ್ಮ ಪಾದ್ರಿ ಅಯ್ಯನವರು ಮಾತ್ರ, ‘ಬೈಬಲಿನ ಮತ್ತಾಯ 5 ಓದಿ, ಕಹಿ ಬಿಡಿ, ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಬನ್ನಿ’ ಅಂತಾರೆ. ನಾನು ಚರ್ಚಿಗೆ ಹೋಗೋದನ್ನೇ ಬಿಟ್ಟಿದ್ದೇನೆ. ನನ್ನದೇ ತಪ್ಪಾ?
– ಒಬ್ಬ ಓದುಗರು, ಮಲೆನಾಡು

ಸಂಪಾದಕರ ಉತ್ತರ:

ಸಹೋದರಿ, ಅಯ್ಯನವರು ಹೇಳಿದ್ದು ಸುಳ್ಳಲ್ಲ. ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನೇ ಇದ್ದರೂ ಕ್ಷಮಿಸಿ ಅಂತ ಮಾರ್ಕ 11ರಲ್ಲಿದೆ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ.

ಆದರೆ ಅವರು ಓದಿ ಅಂದ ಮತ್ತಾಯ 5ನ್ನೇ ಇನ್ನೊಮ್ಮೆ ಓದಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಎದ್ದು ಹೋಗಬೇಕಾದವರು ಯಾರು? ಯಾರ ಮೇಲೆ ಸಹೋದರನಿಗೆ ದೂರು ಇದೆಯೋ ಅವರು. ಅಂದರೆ ನೋಯಿಸಿದವರು. ಅಯ್ಯನವರು ಆ ವಚನವನ್ನು ನೊಂದ ನಿಮಗೆ ಕೊಟ್ಟು ಕಳಿಸಿದ್ದಾರೆ. ನಿಮ್ಮ ಬಾಗಿಲಿಗೆ ಬರಬೇಕಿದ್ದ ಆ ಮೂವರು ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಹಾಡುತ್ತಿದ್ದಾರೆ, ಅಲ್ವಾ?

ಸುಳ್ಳು ಆರೋಪ ಅಂದ ಕೂಡಲೇ ಎಲ್ಲರೂ, ಒಡೆಯ ಪೋಟೀಫರನ ಹೆಂಡತಿಯ ಸುಳ್ಳು ದೂರಿನಿಂದ ಈಜಿಪ್ಟಿನ ಜೈಲು ಸೇರಿದ ಯೋಸೇಫನ ಕಥೆ ಹೇಳುತ್ತಾರೆ. ಅವನು ಬಾಯಿ ಮುಚ್ಚಿಕೊಂಡು ಸಹಿಸಿದ ಅನ್ನುವ ಹಾಗೆ. ಆದಿಕಾಂಡ 40ರಲ್ಲಿ ಅವನು, ರಾಜ ಫರೋಹನಿಗೆ ದ್ರಾಕ್ಷಾರಸ ಕೊಡುವ ಪಾನದಾಯಕನ ಹತ್ತಿರ ಸ್ಪಷ್ಟವಾಗಿ ಹೇಳುತ್ತಾನೆ: ನಾನು ಇಲ್ಲಿಗೆ ಬೀಳುವಂಥದ್ದೇನೂ ಮಾಡಿಲ್ಲ, ಫರೋಹನಿಗೆ ತಿಳಿಸು. ಆ ಮನುಷ್ಯ ಎರಡು ವರ್ಷ ಮರೆತೇಬಿಟ್ಟ, ಅದು ಬೇರೆ ಮಾತು. ಹದಿನೇಳರಲ್ಲಿ ಮಾರಿಹೋದ ಹುಡುಗ ಫರೋಹನ ಮುಂದೆ ನಿಲ್ಲುವಾಗ ಅವನಿಗೆ ಮೂವತ್ತು. ಪೋಟೀಫರನ ಹೆಂಡತಿ ಕೊನೆಗಾದರೂ ನಿಜ ಹೇಳಿದಳಾ? ಬೈಬಲ್ ಹೇಳುವುದಿಲ್ಲ. ನನಗೆ ಆ ಮೌನ ಇವತ್ತಿಗೂ ಚುಚ್ಚುತ್ತದೆ.

ನನಗೆ ಇನ್ನೂ ಇಷ್ಟವಾಗುವುದು ಅಪೊಸ್ತಲರ ಕೃತ್ಯಗಳು 16. ಫಿಲಿಪ್ಪಿ ಪಟ್ಟಣದಲ್ಲಿ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರನ್ನು ವಿಚಾರಣೆ ಇಲ್ಲದೆ ಹೊಡೆದು, ಕಾಲಿಗೆ ಕೋಳ ಹಾಕಿ ಜೈಲಿಗೆ ತಳ್ಳಿದರು. ಮಧ್ಯರಾತ್ರಿ ಅವರು ಹಾಡಿದರು. ಭೂಕಂಪಕ್ಕೆ ಬಾಗಿಲುಗಳು ತೆರೆದಾಗ, ಸಾಯಲು ಕತ್ತಿ ಎತ್ತಿದ್ದ ಜೈಲಿನ ಯಜಮಾನನನ್ನು ಉಳಿಸಿದರು. ಕಹಿ ಎಲ್ಲಿದೆ ಅಲ್ಲಿ? ಬೆಳಗಾದ ಮೇಲೆ ಅಧಿಕಾರಿಗಳು, ‘ಬಿಟ್ಟಿದ್ದೇವೆ, ಹೊರಡಿ’ ಅಂತ ಹೇಳಿಕಳಿಸಿದರು. ಪೌಲ ಒಪ್ಪಲಿಲ್ಲ. ಎಲ್ಲರ ಮುಂದೆ ಹೊಡೆದು ಈಗ ಗುಟ್ಟಾಗಿ ಕಳಿಸುತ್ತೀರಾ, ನೀವೇ ಬಂದು ಕರೆದುಕೊಂಡು ಹೋಗಿ ಅಂದ. ಬಂದರು, ಬೇಡಿಕೊಂಡರು. ನಮ್ಮ ಎಷ್ಟೋ ಪ್ರಸಂಗಗಳು ಮಧ್ಯರಾತ್ರಿಯ ಹಾಡಿಗೇ ಮುಗಿಯುತ್ತವೆ. ಬೆಳಗಿನ ಭಾಗಕ್ಕೆ ಟೈಮ್ ಸಾಲೋದಿಲ್ಲ!

ಅಮೆರಿಕದ ಆಂಥನಿ ರೇ ಹಿಂಟನ್ ಹೆಸರು ಕೇಳಿರಬಹುದು. 1985ರಲ್ಲಿ ಅಲಬಾಮದಲ್ಲಿ ಮಾಡದ ಕೊಲೆಗಳಿಗೆ ಸಿಕ್ಕಿಕೊಂಡು, ಸುಮಾರು ಮೂವತ್ತು ವರ್ಷ ಮರಣದಂಡನೆಯ ಕೋಣೆಯಲ್ಲಿ ಕಳೆದರು. 2015ರಲ್ಲಿ ಹೊರಬಂದಾಗ ತಾಯಿ ಬದುಕಿರಲಿಲ್ಲ. ತನ್ನನ್ನು ಅಲ್ಲಿಗೆ ಕಳಿಸಿದವರನ್ನು ಕ್ಷಮಿಸಿದ್ದೇನೆ ಅನ್ನುತ್ತಾರೆ. ಹಾಗಂತ ಸುಮ್ನೆ ಕೂತಿಲ್ಲ, ನಡೆದ ಅನ್ಯಾಯವನ್ನು ಊರೂರಿಗೆ ಹೋಗಿ ಹೇಳುತ್ತಾರೆ.

ಮಿಷಿಗನ್‌ನ ಬೆಂಟನ್ ಹಾರ್ಬರ್‌ನದ್ದು ಬೇರೆ ತರಹ. 2006ರಲ್ಲಿ ಆಂಡ್ರ್ಯೂ ಕಾಲಿನ್ಸ್ ಎಂಬ ಪೊಲೀಸ್, ಜಮೀಲ್ ಮೆಕ್‌ಗೀ ಮೇಲೆ ಸುಳ್ಳು ಡ್ರಗ್ಸ್ ಕೇಸು ಹಾಕಿದ. ಮೆಕ್‌ಗೀ ವರ್ಷಗಟ್ಟಲೆ ಜೈಲಿನಲ್ಲಿದ್ದ. ಹೊರಗೆ ಬಂದರೆ ಆ ಪೊಲೀಸಿಗೆ ಒಂದು ಗತಿ ಕಾಣಿಸಬೇಕು ಅನ್ನುವುದೇ ಯೋಚನೆ. ಮುಂದೆ ಕಾಲಿನ್ಸ್ ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, ತಾನೂ ಜೈಲು ಕಂಡ. ಕೊನೆಗೆ ಇಬ್ಬರೂ ಒಂದೇ ಕೆಫೆಯಲ್ಲಿ ಜೊತೆಗೆ ಕೆಲಸಕ್ಕೆ ಸೇರಿದರು, ಸ್ನೇಹಿತರಾದರು. ನಂಬಿಕೆಯೇ ತನ್ನನ್ನು ಕ್ಷಮೆಗೆ ತಂದಿತು ಅನ್ನುತ್ತಾನೆ ಮೆಕ್‌ಗೀ. ನಿಜ. ಆದರೆ ಎದುರಿಗಿದ್ದವನು ಬಾಯಿಬಿಟ್ಟು ಕ್ಷಮೆ ಕೇಳಿದ್ದ, ಅದನ್ನು ಮರೆಯಬೇಡಿ. ಕ್ಷಮಿಸುವುದು ಒಬ್ಬರಿಂದ ಆಗುತ್ತದೆ, ಹಿಂಟನ್ ಮಾಡಿದ ಹಾಗೆ. ರಾಜಿಗೆ ಇಬ್ಬರು ಬೇಕು.

ನಮ್ಮಲ್ಲಿ ಏನಾಗುತ್ತಿದೆ? ಸಭಾ ಚುನಾವಣೆ ಬಂತು ಅಂದರೆ ಯಾರ ಮೇಲಾದರೂ ಹಣದ ಅಪವಾದ ಗ್ಯಾರಂಟಿ. ವಾಟ್ಸ್ಯಾಪ್‌ನಲ್ಲಿ ಒಂದು ರಾತ್ರಿಯಲ್ಲಿ ಜಿಲ್ಲೆ ದಾಟುತ್ತದೆ. ಸುಳ್ಳು ಅಂತ ಗೊತ್ತಾದ ಮೇಲೆ ‘ಸಭೆಯ ಹೆಸರು ಕೆಡಬಾರದು’ ಅಂತ ಮುಚ್ಚಿಬಿಡುತ್ತಾರೆ. ಭಾನುವಾರದ ಪ್ರಕಟಣೆಯಲ್ಲಿ ಮದುವೆಗೆ ಜಾಗ ಇದೆ, ವಂತಿಗೆಗೆ ಇದೆ, ಕಳೆದುಹೋದ ಛತ್ರಿಗೂ ಇದೆ. ಹೋದ ಮಾನಕ್ಕೆ ಇಲ್ಲ. ಬೈಬಲಿನ ಸುಂಕದವನು ಜಕ್ಕಾಯ, ಮೋಸದಿಂದ ತಗೊಂಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಾವು ಆ ಕಥೆಯಲ್ಲಿ ಮಕ್ಕಳಿಗೆ ಅವನು ಯೇಸುವನ್ನು ನೋಡಲು ಮರ ಹತ್ತಿದ್ದನ್ನು ಮಾತ್ರ ಕಲಿಸುತ್ತೇವೆ.

ನಿಮ್ಮನ್ನೂ ಸ್ವಲ್ಪ ಗದರಬೇಕು. ಆ ಮೆಸೇಜುಗಳನ್ನು ಉಳಿಸಿಕೊಂಡು ರಾತ್ರಿ ಓದುತ್ತೇನೆ ಅಂತಲೂ ಬರೆದಿದ್ದೀರಿ. ಅದು ನ್ಯಾಯ ಕೇಳುವ ದಾರಿಯಲ್ಲ, ತಾಯಿ. ನಿಮ್ಮ ಉದ್ದನೆಯ ಪತ್ರದಲ್ಲಿ ಆ ಮೂವರ ಹೆಸರು ಪುಟಪುಟದಲ್ಲೂ ಇದೆ, ಯೇಸುವಿನ ಹೆಸರು ಕೊನೆಯ ವಂದನೆಯಲ್ಲಿ ಮಾತ್ರ. ಮೆಸೇಜುಗಳನ್ನು ಅಳಿಸಿ, ಆಡಿಟ್ ವರದಿ ಇಟ್ಟುಕೊಳ್ಳಿ. ಅದನ್ನು ಭಾನುವಾರ ಎಲ್ಲರ ಮುಂದೆ ಓದಬೇಕು ಅಂತ ಕಮಿಟಿಗೆ ಬರೆದುಕೊಡಿ. ಒಬ್ಬರೇ ಹೋಗಬೇಡಿ, ಜೊತೆಗೆ ಇಬ್ಬರು ಹಿರಿಯರಿರಲಿ. ಅವರು ಓದಲಿ, ಬಿಡಲಿ, ಕರ್ತನ ಭೋಜನಕ್ಕೆ ಹೋಗಿ. ಆ ಮೇಜು ಕಮಿಟಿಯವರದ್ದಲ್ಲ.

ಹೆಸರುಗಳನ್ನು ಅಚ್ಚು ಮಾಡಿಲ್ಲ. ಮೂವರಲ್ಲಿ ಒಬ್ಬರು ನಮ್ಮ ಚಂದಾದಾರರು. ಈ ಸಂಚಿಕೆ ಅವರಿಗೂ ಹೋಗುತ್ತದೆ.