ಮಂಗಳೂರಿಗೆ ವರ್ಗವಾಗಿದೆ: ಊಟ ಸೇರಿದ ಪಿಜಿ ಹಿಡಿಯಲೋ, ಹೋಟೆಲ್ ನಂಬಲೋ?

ದಾವಣಗೆರೆಯಿಂದ ವರ್ಗ, ಆಫೀಸು ಹಂಪನಕಟ್ಟೆ ಹತ್ತಿರ, ಜೂನ್ ಮೊದಲ ವಾರ ಹಾಜರಾಗಬೇಕು, ಒಬ್ಬರೇ, ಅಡುಗೆ ಬರಲ್ಲ. ಕೆಲಸ ಮುಗಿಸಿ ರಾತ್ರಿ ಆರಾಮಾಗಿ ಕೂತು ಮೀನೂಟ ಮಾಡೋಕೆ ಯಾವ ಹೋಟೆಲ್ ಒಳ್ಳೇದು ಅಂತಲೂ ಕೇಳಿದ್ದೀರಿ. ಊರಿನ ಹೆಸರು ಒಂದು ಬದಲಾಯಿಸಿದರೆ ಈ ಪ್ರಶ್ನೆ ನಾನೇ ಬರೆದ ಹಾಗಿದೆ.

ನಾನು ರಾಣೆಬೆನ್ನೂರಿನವನು. ಇಲ್ಲಿಗೆ ಬಂದಾಗ ನನ್ನ ತಲೆಯಲ್ಲಿದ್ದದ್ದು ನಮ್ಮ ಖಾನಾವಳಿ. ರಾತ್ರಿ ಹತ್ತಕ್ಕೆ ಹೋಗಿ ಕೂತರೂ ಬಿಸಿ ರೊಟ್ಟಿ ಬಡಿದು ಹಾಕ್ತಾರೆ, ಎಣ್ಣೆಗಾಯಿ ಪಲ್ಯ ಖಾಲಿಯಾದರೆ ಝುಣಕ ಇರುತ್ತೆ, ಹಸಿದು ವಾಪಸ್ ಬಂದದ್ದು ಇಲ್ಲ. ಮಂಗಳೂರಲ್ಲೂ ಹಾಗೇ ಇರುತ್ತೆ, ರೊಟ್ಟಿಯ ಜಾಗದಲ್ಲಿ ಅನ್ನ, ಪಲ್ಯದ ಜಾಗದಲ್ಲಿ ಮೀನು, ಅಷ್ಟೇ ವ್ಯತ್ಯಾಸ ಅಂದುಕೊಂಡೆ. ಬಾಡಿಗೆ ಕಡಿಮೆ ಅಂತ ಶಕ್ತಿನಗರದ ಕಡೆ ಗುಡ್ಡದ ಮೇಲೆ ರೂಮು ಮಾಡಿದೆ. ಗಾಳಿ ಚೆನ್ನಾಗಿತ್ತು. ಸುತ್ತ ಒಂದು ಗೂಡಂಗಡಿ, ಅಷ್ಟೆ.

ಈಗ ನನ್ನ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಮಾಡುವಾಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ, ಜಾಣತನ ಅಂತಲೇ ಅನ್ನಿಸುತ್ತೆ. ಮಧ್ಯಾಹ್ನದ ಊಟವನ್ನು ಕಾಟಾಚಾರಕ್ಕೆ ಮುಗಿಸಿ, ರಾತ್ರಿಯದ್ದನ್ನು ನಿಜವಾದ ಊಟ ಅಂತ ಇಟ್ಟುಕೊಂಡೆ. ಹೊಸ ಆಫೀಸು, ಹೊಸ ಮ್ಯಾನೇಜರು. ಒಂದು ಗಂಟೆಗೆ ಎಲ್ಲರೂ ಎದ್ದು ಹೋದರೆ ನಾನು ಕುರ್ಚಿ ಬಿಡುತ್ತಿರಲಿಲ್ಲ, ಚಾ ಜೊತೆ ಎರಡು ಬಿಸ್ಕತ್ತು. ಹಸಿವು ತಡೆಯಲಾಗದೆ ಮೂರೂವರೆಗೆ ಇಳಿದು ಹೋದರೆ ಊಟದ ಹೋಟೆಲಿನಲ್ಲಿ ಬೆಂಚು ಒರೆಸುತ್ತಿದ್ದರು. 'ಊಟ ಮುಗೀತು, ಫ್ರೈ ಇಲ್ಲ.' ಉಳ್ಳಾಲದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ದಿನ ನನ್ನನ್ನು ಹಾಗೆ ವಾಪಸ್ ಬರುವಾಗ ನೋಡಿ, 'ಎಂತ ಮಾರಾಯ, ಮೂರೂವರೆಗೆ ಊಟಕ್ಕೆ ಹೋಗುದಾ? ಅದು ಗೋಳಿಬಜೆ ತಿನ್ನುವ ಹೊತ್ತಲ್ವಾ' ಅಂದರು. ನಾನು ನಕ್ಕು ಸುಮ್ಮನಾದೆ. ಅವರು ತಮಾಷೆ ಮಾಡುತ್ತಿರಲಿಲ್ಲ, ಊರಿನ ಟೈಮ್‌ಟೇಬಲ್ ಹೇಳುತ್ತಿದ್ದರು.

ಆ ಟೈಮ್‌ಟೇಬಲ್ ದಕ್ಕೆಯಿಂದ, ಅಂದರೆ ಮೀನಿನ ಬೋಟು ಬಂದು ನಿಲ್ಲುವ ಜಾಗದಿಂದ ಶುರುವಾಗುತ್ತೆ. ಹಳೆ ಬಂದರಿನ ದಕ್ಕೆಗೆ ಬೋಟು ಬಂದು ಬೆಳಕು ಹರಿಯುವಷ್ಟರಲ್ಲಿ ಏಲಂ ಜೋರಾಗಿರುತ್ತೆ. ಹೋಟೆಲಿನವರು ಆಗಲೇ ಮೀನು ತರುತ್ತಾರೆ, ಹೊಟ್ಟೆ ಬಗೆದು, ಗೀರು ಹಾಕಿ, ಮಸಾಲೆ ಮೆತ್ತಿ ಇಡುತ್ತಾರೆ, ಹನ್ನೆರಡಕ್ಕೆ ಕಾವಲಿ ಬಿಸಿಯಾಗುತ್ತೆ. ಆ ದಿನಕ್ಕೆ ತಂದದ್ದು ಆ ಮಧ್ಯಾಹ್ನಕ್ಕೆ ಲೆಕ್ಕ. ಎರಡು, ಎರಡೂವರೆ ದಾಟಿದರೆ ಉಳಿದದ್ದು ನಿಮ್ಮ ಪಾಲು. ರಾತ್ರಿ? ಇಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ, ಇದ್ದರೆ ಮಧ್ಯಾಹ್ನದ ಮೀನು ಸಾರು. ಊರೇ ರಾತ್ರಿ ಹಗುರ ಉಣ್ಣುವಾಗ ಸಣ್ಣ ಊಟದ ಹೋಟೆಲಿನವನು ನನಗೊಬ್ಬನಿಗೆ ಯಾಕೆ ಒಲೆ ಉರಿಸುತ್ತಾನೆ? ನಾನು ಮಾತ್ರ ಒಂಬತ್ತೂವರೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಸುತ್ತ ಮೀನೂಟ ಹುಡುಕುತ್ತ, ಕೊನೆಗೆ ಗಾಡಿಯ ಮುಂದೆ ನಿಂತು ಗೋಬಿ ಮಂಚೂರಿ, ಫ್ರೈಡ್ ರೈಸು, ಇಲ್ಲವೇ ಪರೋಟ ತಿಂದು, ಬಸ್ಸು ಸಿಗದೆ ಆಟೋಗೆ ದುಡ್ಡು ಸುರಿದು ಗುಡ್ಡ ಹತ್ತುತ್ತಿದ್ದೆ. ಉಳಿಸಿದ ಬಾಡಿಗೆ ಅಲ್ಲಿಗೇ ಹೋಯಿತು. ಹೋಗಿ ಬಿದ್ದ ತಕ್ಷಣ ನಿದ್ದೆ.

ಇದು ತಿಂಗಳುಗಟ್ಟಲೆ ನಡೆಯಿತು. ಮೊದಲು ಹುಳಿ ತೇಗು, ಆಮೇಲೆ ಎದೆ ಉರಿ, ಒಂದು ರಾತ್ರಿ ಎದೆ ಹಿಂಡಿದ ಹಾಗಾಗಿ ಹೃದಯಕ್ಕೇ ಏನೋ ಆಯಿತು ಅಂತ ಹೆದರಿ ಮನೆ ಮಾಲೀಕರ ಬಾಗಿಲು ಬಡಿದೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿಯೇ ಇತ್ತು. ಎಂಡೋಸ್ಕೋಪಿ ಮಾಡಿಸಿದರು, ಅನ್ನನಾಳದ ಕೆಳಗೆ ಕೆಂಪಗಾಗಿದೆ ಅಂದರು. ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ: ರಾತ್ರಿ ಊಟ ಎಷ್ಟಕ್ಕೆ, ಮಲಗುವುದು ಎಷ್ಟಕ್ಕೆ. ನನ್ನ ಉತ್ತರ ಕೇಳಿ ಅವರು ಬರೆದ ಮಾತ್ರೆಗಿಂತ ಬೈದದ್ದೇ ಹೆಚ್ಚು. ಆ ವರ್ಷ ದೀಪಾವಳಿಗೆ ಅಮ್ಮನಿಗೆ ಸೀರೆ, ತಂಗಿಗೆ ಫೋನು ಅಂತ ಕೂಡಿಟ್ಟದ್ದು ಬಿಲ್ಲಿಗೆ ಹೋಯಿತು. ಮನೆಯಲ್ಲಿ ನಿಜ ಹೇಳಲಿಲ್ಲ, ಬೋನಸ್ ಬಂದಿಲ್ಲ ಅಂದೆ.

ಹಾಗಾಗಿ 'ರಾತ್ರಿ ಮೀನೂಟಕ್ಕೆ ಯಾವ ಹೋಟೆಲ್' ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನ. ಒಂದು ಗಂಟೆ ಹೊಡೆಯುತ್ತಲೇ ಕುರ್ಚಿ ಬಿಟ್ಟು ಎದ್ದೇಳಿ, ಮ್ಯಾನೇಜರೂ ಅದೇ ಹೊತ್ತಿಗೆ ಎದ್ದಿರುತ್ತಾರೆ. ಹಂಪನಕಟ್ಟೆಯಿಂದ ಕಾರ್‌ಸ್ಟ್ರೀಟ್ ಕಡೆ ನಡೆದರೆ ಗಿರಿಮಂಜಾಸ್, ಬಂದರಿನ ಕಡೆ ಇಳಿದರೆ ನಾರಾಯಣ. ಎರಡೂ ಹೆಸರಾದವು, ಎರಡರಲ್ಲೂ ಕಾಯಬೇಕು, ಉಣ್ಣುವವರ ಬೆನ್ನ ಹಿಂದೆ ನಿಂತು ಜಾಗ ಹಿಡಿಯುವುದು ಇಲ್ಲಿ ಅಸಭ್ಯ ಅಲ್ಲ. ಆದರೆ ದಿನಾ ಅಲ್ಲಿಗೇ ಹೋಗಬೇಡಿ. ಆಫೀಸಿನ ಹಿಂದಿನ ಗಲ್ಲಿಯಲ್ಲಿ ಬೋರ್ಡು ಮಾಸಿದ ಯಾವುದೋ ಒಂದು ಊಟದ ಹೋಟೆಲ್ ಇರುತ್ತೆ, ಆಟೋದವರು, ಪಕ್ಕದ ಬ್ಯಾಂಕಿನವರು ನುಗ್ಗುತ್ತಾರಲ್ಲ, ಅದು ನಿಮ್ಮದು. ಗಲ್ಲೆಯ ಮುಂದೆ ಕೂತ ಧಣಿಗೆ ನಿಮ್ಮ ಮುಖ ಪರಿಚಯವಾಗಲಿ. ಆಮೇಲೆ ಹತ್ತು ನಿಮಿಷ ತಡವಾದರೂ ಒಂದು ಬಂಗುಡೆ ತೆಗೆದಿಟ್ಟಿರುತ್ತಾರೆ.

ಕೂತ ಕೂಡಲೇ ಕೇಳುವುದು 'ಕುಚ್ಚಲಕ್ಕಿಯಾ, ಬೆಳ್ತಿಗೆಯಾ?' ಅಂತ. ಬೆಳ್ತಿಗೆ ಅಂದರೆ ನಮ್ಮ ಮಾಮೂಲಿ ಬಿಳಿ ಅನ್ನ. ನಮ್ಮ ಕಡೆಯವರು ಎಲ್ಲರೂ ಬೆಳ್ತಿಗೆ ಅನ್ನುತ್ತಾರೆ, ನಾನೂ ಅಂದೆ. ಮೀನು ಸಾರಿಗೆ ಅದು ಸಾಲದು, ಸಾರು ಸುರಿದರೆ ಕರಗಿ ಹೋಗುತ್ತೆ. ದಪ್ಪ ಕಾಳಿನ ಕುಚ್ಚಲಕ್ಕಿ ಒಂದು ವಾರ ಗಂಟಲಲ್ಲಿ ಇಳಿಯಲ್ಲ, ಆಮೇಲೆ ಬೇರೆ ಅನ್ನ ಅನ್ನ ಅನ್ನಿಸಲ್ಲ. ತೆಂಗಿನೆಣ್ಣೆ ವಾಸನೆಯೂ ಅಷ್ಟೆ. ಊಟದ ಜೊತೆ ಮೀನು ಸಾರು ಬರುತ್ತೆ, ಫ್ರೈಗೆ ಬೇರೆ ದುಡ್ಡು. ದಿನಕ್ಕೆ ಬೂತಾಯಿ, ಬಂಗುಡೆ ಸಾಕು, ರುಚಿಯಲ್ಲಿ ಅಂಜಲಿಗೆ ಏನೂ ಕಡಿಮೆ ಇಲ್ಲ (ಇದಕ್ಕೆ ನನ್ನ ಹೆಂಡತಿ ಒಪ್ಪಲ್ಲ, ಅವಳು ಇಲ್ಲಿಯವಳೇ). ಅಂಜಲು, ಮಾಂಜಿ, ಕಾಣೆ ತಟ್ಟೆಯಲ್ಲಿ ಹಿಡಿದು ತೋರಿಸಿದರೆ ನಾಚಿಕೊಳ್ಳದೆ ರೇಟು ಕೇಳಿ, ಅವುಗಳ ಬೆಲೆ ದಿನದಿನಕ್ಕೆ ಏರಿಳಿಯುತ್ತೆ. ಸಂಬಳದ ದಿನ ಕಾಣೆಯ ರವಾ ಫ್ರೈ ತಿನ್ನಿ. ಮರುವಾಯಿ (ಚಿಪ್ಪುಮೀನು) ಸುಕ್ಕ ಸಿಕ್ಕಿದ ದಿನ ಬೇರೇನೂ ಕೇಳಬೇಡಿ.

ಇನ್ನೊಂದು ವಿಷಯ, ನೀವು ಬರುತ್ತಿರುವುದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟಿನ ಮೀನುಗಾರಿಕೆಗೆ ನಿಷೇಧ, 61 ದಿನ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಅಬ್ಬರದಲ್ಲಿರುತ್ತೆ. ನಾಡದೋಣಿಯವರು ತಂದದ್ದು ಸ್ವಲ್ಪ ಇರುತ್ತೆ, ದುಬಾರಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆ ಕಡೆಯ ಐಸಿನ ಮೀನು ಆಮೇಲೆ ಬರತೊಡಗುತ್ತೆ. ಬಂದ ಮೊದಲ ವಾರವೇ ಅಂಜಲು ಫ್ರೈ ತಿಂದು 'ಇಷ್ಟೇನಾ ಮಂಗಳೂರು ಮೀನು' ಅಂತ ತೀರ್ಪು ಕೊಟ್ಟುಬಿಡಬೇಡಿ. ಆ ಎರಡು ತಿಂಗಳು ಒಣಮೀನಿನ ಚಟ್ನಿ, ಕೋರಿರೊಟ್ಟಿ ತಿನ್ನಿ. ಕೋರಿರೊಟ್ಟಿ ಅಂದರೆ ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿ ಮುರಿದು ಮೇಲೆ ಕೋಳಿ ಗಸಿ, ಅಂದರೆ ತೆಂಗಿನಕಾಯಿ ಹಾಕಿದ ಸಾರು ಸುರಿಯುವುದು. ಪೂರ್ತಿ ನೆನೆಯುವ ಮೊದಲು ತಿಂದು ಮುಗಿಸಬೇಕು, ಮಾತಾಡುತ್ತ ಕೂತರೆ ಕೆಟ್ಟಿತು. ಮಳೆಗಾಲದಲ್ಲೇ ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಹಣ್ಣಿನ ಗಟ್ಟಿ ಬರುತ್ತವೆ. ಹೋಟೆಲಿನ ಪತ್ರೊಡೆ ಪರವಾಗಿಲ್ಲ ಅಷ್ಟೆ, ಸಹೋದ್ಯೋಗಿಗಳ ಮನೆಯ ಡಬ್ಬಿ ಮೇಲೆ ಕಣ್ಣಿಡಿ.

ನಾಲ್ಕು ಗಂಟೆಯ ಹೊತ್ತನ್ನು ಬಿಟ್ಟುಬಿಟ್ಟರೆ ನೀವು ಮಂಗಳೂರಲ್ಲಿ ಇದ್ದೂ ಇಲ್ಲದ ಹಾಗೆ. ಗೋಳಿಬಜೆ ಮೈದಾ ಮತ್ತು ಹುಳಿ ಮೊಸರಿನದ್ದು, ಬಾಣಲೆಯಿಂದ ಇಳಿದ ಐದು ನಿಮಿಷ ಅದರ ಆಯುಷ್ಯ. ಬನ್ಸ್ ಅಂದರೆ ಬೇಕರಿಯ ಬನ್ನು ಅಂದುಕೊಂಡು ನಾನು ಬಹಳ ದಿನ ಮುಟ್ಟಿರಲಿಲ್ಲ. ಬಾಳೆಹಣ್ಣು ಕಿವುಚಿ ಮೈದಾ, ಮೊಸರು ಹಾಕಿ ಕಲಸಿ ಇಟ್ಟು ಮಾರನೇ ದಿನ ಪೂರಿಯಂತೆ ಕರಿಯುತ್ತಾರೆ, ಸಿಹಿ ಇರುತ್ತೆ, ಆದರೂ ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುತ್ತಾರೆ. ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆಗೆ ಹೋಗಿ, ಬನ್ಸಿನ ಜೊತೆ ಬಿಸ್ಕುಟ್ ರೊಟ್ಟಿಯೂ ಹೇಳಿ. ಬೆಳಿಗ್ಗೆ ಹೋದರೆ ನೀರುದೋಸೆ, ಇಲ್ಲವೇ ಸಜ್ಜಿಗೆ-ಬಜಿಲು. ಉಪ್ಪಿಟ್ಟಿಗೆ ಖಾರದ ಅವಲಕ್ಕಿ ಬೆರೆಸಿ ಕೊಡುತ್ತಾರೆ. ನೀವು ದಾವಣಗೆರೆಯವರು, ಬೆಣ್ಣೆ ದೋಸೆಯ ಊರಿನಿಂದ ಬಂದು ನೀರುದೋಸೆಗೆ 'ಇದರಲ್ಲಿ ಏನೂ ಇಲ್ಲವಲ್ಲ' ಅಂತೀರಿ. ಗಸಿ ಜೊತೆ ತಿಂದ ಮೇಲೆ ಮಾತಾಡಿ.

ಐಸ್‌ಕ್ರೀಂ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಎರಡೇ ಮಾತು. ಪ್ರಭಾಕರ ಕಾಮತರು 1975ರಲ್ಲಿ ಶುರು ಮಾಡಿದ ಐಡಿಯಲ್, ಅವರದ್ದೇ ಲಾಲ್‌ಬಾಗಿನ ಪಬ್ಬಾಸ್. ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ ಜೊತೆ ಐಸ್‌ಕ್ರೀಂ ಪೇರಿಸಿ ಕೊಡುವ ಗಡ್‌ಬಡ್ ಒಬ್ಬರೇ ತಿಂದು ಮುಗಿಸಬಹುದು ಅಂತ ಹಠ ಹಿಡಿಯಬೇಡಿ. ಉಡುಪಿಯವರ ಎದುರು ಅದು ಮಂಗಳೂರಿನದ್ದು ಅಂತಲೂ ಹೇಳಬೇಡಿ, ಅವರು ತಮ್ಮೂರಿನ ಡಯಾನಾ ಹೋಟೆಲಿನ ಹೆಸರು ಹೇಳಿ ವಾದಕ್ಕೆ ನಿಲ್ಲುತ್ತಾರೆ. ಭಾನುವಾರ ಬಸ್ಸು ಹತ್ತಿ ಉಡುಪಿಗೆ ಹೋದರೆ ರಥಬೀದಿಯ ಮಿತ್ರ ಸಮಾಜ ನೋಡಿ. ತುಪ್ಪದಲ್ಲಿ ಬಾಡಿಸಿದ ಕೆಂಪು ಚಿಕನ್ ಘೀ ರೋಸ್ಟು ಬೇಕಾದರೆ ಇನ್ನೂ ಮುಂದೆ ಕುಂದಾಪುರಕ್ಕೆ, ಶೆಟ್ಟಿ ಲಂಚ್ ಹೋಂಗೆ. ಅದು ಹುಟ್ಟಿದ ಊರು ಅದೇ.

ಆದರೂ ಒಂದೊಂದು ರಾತ್ರಿ ಮೀನು ಬೇಕೇ ಬೇಕು ಅನ್ನಿಸುತ್ತೆ. ಆಗ ಬಾರ್ ಆಂಡ್ ರೆಸ್ಟೋರೆಂಟಿಗೆ ಹೋಗಿ. ಕುಡಿಯದಿದ್ದರೂ ಯಾರೂ ಏನೂ ಅನ್ನಲ್ಲ, ಪುನರ್ಪುಳಿ (ಕೋಕಂ) ಶರಬತ್ತೋ ಲಿಂಬು ಸೋಡವೋ ಹೇಳಿ ಹುಳಿ-ಖಾರದ ಮಸಾಲೆಯ ಒಂದು ಬಂಗುಡೆ ಪುಳಿಮುಂಚಿ ತಿಂದು ಬರಬಹುದು. ಊರಿಂದ ಅಪ್ಪ-ಅಮ್ಮ ಬಂದಾಗ ಮಾತ್ರ 'ಫ್ಯಾಮಿಲಿ' ಅಂತ ಬರೆದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ.

ಇನ್ನು ಪಿಜಿ. ಆಸ್ಪತ್ರೆಯಿಂದ ಬಂದ ಮೇಲೆ ನಾನೂ ಊಟ ಸೇರಿದ ಪಿಜಿಗೆ ಹಾರಿದ್ದೆ. ಬೆಳಿಗ್ಗೆ ಮಾಡಿದ ಸಾಂಬಾರು ರಾತ್ರಿವರೆಗೂ ಅದೇ ಬಾಳ್ದಿಯಲ್ಲಿ, ಮಧ್ಯಾಹ್ನ ಆಫೀಸಿನಲ್ಲಿ ಇರುವವನಿಗೆ ಮಧ್ಯಾಹ್ನದ ಊಟದ ದುಡ್ಡೂ ಸೇರಿಸಿ ವಸೂಲಿ. ಬೇಡ. ಹಂಪನಕಟ್ಟೆ, ಕೊಡಿಯಾಲ್‌ಬೈಲ್, ಅತ್ತಾವರ, ಇಷ್ಟರೊಳಗೆ ನಡೆದು ಹೋಗಬಹುದಾದ ರೂಮು ನೋಡಿ, ಬಾಡಿಗೆ ಹೆಚ್ಚಾದರೂ ಆಟೋ ದುಡ್ಡು ಉಳಿಯುತ್ತೆ. ಪಿಜಿಯೇ ಆಗಬೇಕಿದ್ದರೆ ಊಟ ಬಿಟ್ಟು ಎಷ್ಟು ಅಂತ ಕೇಳಿ, ಚೌಕಾಸಿ ಮಾಡಿ. ಅಡುಗೆ ಬರಲ್ಲ ಅಂದಿರಿ, ಗಂಜಿಗೆ ಅಡುಗೆ ಬರಬೇಕಿಲ್ಲ. ಚಿಕ್ಕ ಎಲೆಕ್ಟ್ರಿಕ್ ರೈಸ್ ಕುಕ್ಕರು ತೆಗೆದುಕೊಳ್ಳಿ, ಒಂದು ಹಿಡಿ ಕುಚ್ಚಲಕ್ಕಿಗೆ ಧಾರಾಳ ನೀರು ಹಾಕಿ ಏಳು ಗಂಟೆಗೆ ಹಚ್ಚಿದರೆ ಎಂಟೂಕಾಲಿಗೆ ಆಗಿರುತ್ತೆ. ಬೆಳಿಗ್ಗೆಯೇ ನೆನೆಹಾಕಿ ಹೋದರೆ ಇನ್ನೂ ಬೇಗ. ಕುಕ್ಕರು ಇಡೋಕೆ ಬಿಡುತ್ತೀರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಕರೆಂಟು ಬಿಲ್ಲಿನ ನೆಪ ಹೇಳಿ ಬೇಡ ಅನ್ನುವವರು ಬಹಳ ಜನ ಇದ್ದಾರೆ.